ಸಮಾರಂಭದ ಊಟಕ್ಕೆ ಯಾವ ತಟ್ಟೆ? ಬಾಳೆ ಎಲೆ, ಅಡಿಕೆ ಹಾಳೆ, ಕಬ್ಬಿನ ಸಿಪ್ಪೆ, ಸ್ಟೀಲ್

ಗೃಹಪ್ರವೇಶಕ್ಕೋ ನಾಮಕರಣಕ್ಕೋ ಇನ್ನೂರು ಮುನ್ನೂರು ಜನರಿಗೆ ಊಟ ಹಾಕಿಸುವವರು ಈಗ ಅಂಗಡಿಯಲ್ಲಿ ಮೊದಲು ಕೇಳುವುದೇ "ಪ್ಲಾಸ್ಟಿಕ್ ಅಲ್ಲದ್ದು ಏನಿದೆ?" ಎಂದು. ಮನಸ್ಸು ಬದಲಾಗಿದೆ, ಆರಿಸುವ ರೀತಿ ಮಾತ್ರ ಹಾಗೇ ಉಳಿದಿದೆ. ಕಂದು ಬಣ್ಣದ್ದಾದರೆ ಒಳ್ಳೆಯದು, ಮಿರಮಿರ ಮಿನುಗಿದರೆ ಕೆಟ್ಟದ್ದು, ಪೊಟ್ಟಣದ ಮೇಲೆ ಹಸಿರು ಎಲೆಯ ಚಿತ್ರವಿದ್ದರೆ ಇನ್ನೇನೂ ನೋಡುವುದು ಬೇಡ. ಒಂದು ತಟ್ಟೆಗೆ ಎರಡು ರೂಪಾಯಿ ಹೆಚ್ಚು ಎಂದಾಗ ಆ ಉತ್ಸಾಹವೂ ಅರ್ಧ ಇಳಿಯುತ್ತದೆ. ತಟ್ಟೆಯನ್ನು ಏತರಿಂದ ಮಾಡಿದ್ದು ಎಂದು ಎಲ್ಲರೂ ವಿಚಾರಿಸುತ್ತಾರೆ. ಉಂಡಾದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂದು ವಿಚಾರಿಸುವವರು ಕಡಿಮೆ.

ಆರಿಸಲು ಹೊರಡಬೇಕಾದದ್ದು ಈ ಎರಡನೆಯ ಪ್ರಶ್ನೆಯಿಂದ. ಗೊಬ್ಬರದ ಗುಂಡಿ ಇರುವ ಮನೆಗೆ ಸರಿಹೊಂದುವ ತಟ್ಟೆ ಕಲ್ಯಾಣ ಮಂಟಪಕ್ಕೆ ಹೊಂದಬೇಕೆಂದಿಲ್ಲ. ಕಸ ವಿಂಗಡಿಸದೆ ಒಂದೇ ಚೀಲಕ್ಕೆ ತುಂಬುವ ಛತ್ರದಲ್ಲಿ ಬಾಳೆ ಎಲೆಯೂ ಪೇಪರ್ ಪ್ಲೇಟೂ ಕೊನೆಗೆ ಸೇರುವುದು ಒಂದೇ ರಾಶಿಗೆ.

ಎಂಜಲೆಲೆ ಯಾರು ಒಯ್ಯುತ್ತಾರೆ?

ಛತ್ರದ ಮ್ಯಾನೇಜರ್ ಹತ್ತಿರ ಇದನ್ನು ಮುಂಗಡ ಕೊಡುವ ದಿನವೇ ಕೇಳಿ. ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: ಪಾಲಿಕೆಯ ಗಾಡಿ ಬರುತ್ತದೆ, ಖಾಸಗಿ ಗುತ್ತಿಗೆದಾರ ಬರುತ್ತಾನೆ, ಬಯೋಗ್ಯಾಸ್ ಘಟಕಕ್ಕೆ ಹೋಗುತ್ತದೆ, ಇಲ್ಲವೇ "ಹಸುಗಳಿಗೆ ಹಾಕುತ್ತೇವೆ".

ಬಯೋಗ್ಯಾಸ್ ಎಂದರೆ ಅನ್ನ, ಸಾಂಬಾರು, ಪಲ್ಯದ ಉಳಿಕೆ ಬೇರೆ, ಎಲೆ ಬೇರೆ ಆಗಬೇಕು. ನಾರು ಹೆಚ್ಚಿರುವ ಬಾಳೆ ಎಲೆ, ಹಾಳೆ ತಟ್ಟೆ ಆ ತೊಟ್ಟಿಯಲ್ಲಿ ಬೇಗ ಕೊಳೆಯುವುದಿಲ್ಲ, ಕೊಳವೆ ಕಟ್ಟಿಕೊಳ್ಳುತ್ತದೆ. ಹಸುಗಳಿಗೆ ಎಂದರೆ ಇನ್ನೊಂದು ತೊಡಕು. ಬಾಳೆ ಎಲೆಯನ್ನು ಹಸು ಖುಷಿಯಿಂದ ತಿನ್ನುತ್ತದೆ, ಆದರೆ ಅದರ ಜೊತೆ ಬುಟ್ಟಿಗಟ್ಟಲೆ ಅನ್ನ ತಿಂದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಉಬ್ಬರಿಸಿ ಸಾಯುವ ಸ್ಥಿತಿಗೂ ಬರಬಹುದು. ಕಡ್ಡಿ ಚುಚ್ಚಿದ ಮುತ್ತುಗದ ಎಲೆ, ಪಿನ್ನು ಹೊಡೆದ ದೊನ್ನೆಯನ್ನು ದನಗಳ ಮುಂದೆ ಹಾಕಲೇಬಾರದು.

2016ರ ಘನತ್ಯಾಜ್ಯ ನಿಯಮಗಳಲ್ಲೇ, ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವಿದ್ದರೆ ಕನಿಷ್ಠ ಮೂರು ಕೆಲಸದ ದಿನ ಮೊದಲು ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸ ವಿಂಗಡಿಸಬೇಕು ಎಂದಿತ್ತು. ಮನೆ ಮುಂದೆ ಶಾಮಿಯಾನ ಹಾಕಿಸುವವರಲ್ಲಿ ಇದನ್ನು ಮಾಡಿದವರು ಸಿಗುವುದು ಕಷ್ಟ. ತಿಳಿಸಿಟ್ಟರೆ ಒಂದು ಲಾಭವಿದೆ: ಮರುದಿನ ಬೆಳಗಿನ ಹಸಿ ಕಸದ ಗಾಡಿ ಇಷ್ಟೊಂದು ರಾಶಿ ಕಂಡು ಹಿಂದಕ್ಕೆ ಹೋಗುವುದಿಲ್ಲ.

ಬಾಳೆ ಎಲೆ

ಪಂಕ್ತಿ ಊಟಕ್ಕೆ ಇದನ್ನು ಮೀರಿಸಿದ್ದು ಇನ್ನೂ ಬಂದಿಲ್ಲ. ಕಾರ್ಖಾನೆಯಿಲ್ಲ, ಅಚ್ಚಿಲ್ಲ, ಲೇಬಲ್ ಇಲ್ಲ, ಮೋಸಕ್ಕೆ ಎಡೆಯೇ ಇಲ್ಲ. ಕತ್ತರಿಸಿ ತರಗೆಲೆಯೊಂದಿಗೆ ಹಾಕಿದರೆ ಗುಂಡಿಯಲ್ಲಿ ಎಲ್ಲಕ್ಕಿಂತ ಬೇಗ ಕೊಳೆಯುವುದೂ ಇದೇ.

ತೊಂದರೆ ಬರುವುದು ಲೆಕ್ಕದಲ್ಲಿ, ಸಾಗಣೆಯಲ್ಲಿ. ಶ್ರಾವಣ, ಗೌರಿ ಗಣೇಶ, ಮದುವೆ ಮುಹೂರ್ತಗಳ ವಾರದಲ್ಲಿ ದರ ಎಲ್ಲಿಗೆ ಏರುತ್ತದೆ ಎಂದು ಹೇಳಲಾಗದು. ಹದಿನೈದು ದಿನ ಮೊದಲೇ ದರ ಮಾತಾಡಿ ಚೀಟಿ ಬರೆಸಿಕೊಳ್ಳಿ. ಕಟ್ಟು ಬಿಚ್ಚಿದಾಗ ಹೊರಗಿನ ಎಲೆಗಳು ಹರಿದಿರುವುದು ಇದ್ದದ್ದೇ, ಹಾಗಾಗಿ 300 ಜನಕ್ಕೆ 340 ಎಲೆ ತರಿಸಿ. ಅಡುಗೆಯವರು, ಬಡಿಸುವವರು, ಡ್ರೈವರ್‌ಗಳೂ ಉಣ್ಣಬೇಕಲ್ಲ. ಹಿಂದಿನ ದಿನ ತಂದದ್ದನ್ನು ಒದ್ದೆ ಗೋಣಿ ತಾಟಿನಲ್ಲಿ ಸುತ್ತಿ ನೆರಳಿನಲ್ಲಿಡಿ. ನೀರು ಚಿಮುಕಿಸಿ ಪ್ಲಾಸ್ಟಿಕ್ ಹೊದಿಸಿದರೆ ಒಳಗೆ ಬೆವೆತು ಮರುದಿನಕ್ಕೆ ಅಂಚು ಕಪ್ಪಾಗುತ್ತದೆ.

ಬಫೆಗೆ ಬಾಳೆ ಎಲೆ ಒಂದನ್ನೇ ನೆಚ್ಚಿಕೊಳ್ಳಲಾಗದು. ಸ್ಟೀಲ್ ತಟ್ಟೆಯ ಅಳತೆಗೆ ದುಂಡಗೆ ಕತ್ತರಿಸಿದ ಎಲೆಯನ್ನು ಅದರ ಮೇಲಿಟ್ಟು ಕೊಡಬಹುದು. ಹೋಟೆಲುಗಳವರು ಮಾಡುವುದು ಇದನ್ನೇ. ಎಲೆ ಎತ್ತಿ ಹಾಕಿದರೆ ತಟ್ಟೆಗೆ ಜಿಡ್ಡು ಅಂಟಿರುವುದಿಲ್ಲ, ತೊಳೆಯುವ ನೀರೂ ಸೋಪೂ ಉಳಿಯುತ್ತವೆ.

ಹೊಂಚಿ ಹಾಳುಮಾಡುವ ಇನ್ನೊಂದಿದೆ: ಮೇಜಿನ ಮೇಲೆ ಹಾಸುವ ರೋಲು. ಎಲೆ ಅಪ್ಪಟ ಹಸಿರು, ಅದರ ಕೆಳಗಿನ ಹಾಸು ಪ್ಲಾಸ್ಟಿಕ್. ಪಂಕ್ತಿ ಎದ್ದ ಮೇಲೆ ಕೆಲಸದವರು ಎಲೆ, ಅನ್ನ, ಲೋಟ, ಎಲ್ಲವನ್ನೂ ಆ ಹಾಸಿನಲ್ಲೇ ಸುತ್ತಿ ಎತ್ತಿ ಬಿಸಾಡುತ್ತಾರೆ. ಅಲ್ಲಿಗೆ ಎಲೆ ಗೊಬ್ಬರವಾಗುವ ದಾರಿ ಮುಚ್ಚಿತು. 2016ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಹೊರಡಿಸಿದ ನಿಷೇಧದ ಪಟ್ಟಿಯಲ್ಲಿ ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆಯೂ ಇದೆ, ಆದರೂ ಅಂಗಡಿಗಳಲ್ಲಿ ರೋಲು ಸಿಗುವುದು ನಿಂತಿಲ್ಲ. ಮೇಜು ಒರೆಸಲು ಇಬ್ಬರನ್ನು ಹೆಚ್ಚಿಗೆ ಹಾಕಿಕೊಂಡರೆ ಹಾಸೇ ಬೇಡ.

ಮುತ್ತುಗದ ಎಲೆ, ದೊನ್ನೆ

ಉತ್ತರ ಕರ್ನಾಟಕದ ಜಾತ್ರೆ, ಮಠಗಳ ದಾಸೋಹಗಳಲ್ಲಿ ಇದು ಹಳೆಯ ಪರಿಚಯ. ಒಣಗಿಸಿದ ಎಲೆಗಳನ್ನು ಕಡ್ಡಿಯಿಂದ ಹೆಣೆದದ್ದು ಹಗುರ, ಅಗ್ಗ, ತಿಂಗಳುಗಟ್ಟಲೆ ಇಡಬಹುದು. ಬಳಸುವ ಮೊದಲು ನೀರು ಚಿಮುಕಿಸಿ ಹದ ಮಾಡಿಕೊಳ್ಳದಿದ್ದರೆ ಮಡಿಕೆಯಲ್ಲಿ ಪಟ್ಟನೆ ಒಡೆಯುತ್ತದೆ. ತಿಳಿಸಾರು ಹೆಣಿಗೆಯ ಸಂದಿನಲ್ಲಿ ಇಳಿಯುತ್ತದೆ, ಅದಕ್ಕೆ ಸಾರನ್ನು ದೊನ್ನೆಗೆ ಬಡಿಸುವುದು ಒಳ್ಳೆಯದು. ಚಿಕ್ಕ ಮಕ್ಕಳ ಎಲೆಯಲ್ಲಿ ಕಡ್ಡಿ ಬಿಡಿಸಿಕೊಂಡಿದೆಯೇ ನೋಡಬೇಕು.

ಯಂತ್ರದಲ್ಲಿ ಒತ್ತಿದ ಹೊಸ ಮಾದರಿಯನ್ನು ಕೊಳ್ಳುವಾಗ ಹುಷಾರು. ಮೇಲೆ ಎಲೆ, ಕೆಳಗೆ ರಟ್ಟು, ನಡುವೆ ತೆಳ್ಳಗೆ ಪ್ಲಾಸ್ಟಿಕ್ ಪೊರೆ ಇರುವವೂ ಅಂಗಡಿಗೆ ಬರುತ್ತವೆ. ದೊನ್ನೆ ಬಿರಿಯಾನಿಯ ದೊನ್ನೆಗಳಲ್ಲೂ ಎಲೆಯ ಬಣ್ಣದ ಕಾಗದದವು ಸೇರಿಕೊಂಡಿವೆ. ಒಂದನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ ಉಗುರಿನಿಂದ ಕೆರೆದು ನೋಡಿ. ಎಲೆ, ಕಾಗದ ಪುಡಿಯಾಗಿ ಬಂದು, ಹಿಗ್ಗುವ ತೆಳು ಪೊರೆಯೊಂದು ಕೈಯಲ್ಲಿ ಉಳಿದರೆ ಅದು ಪ್ಲಾಸ್ಟಿಕ್. ಪೇಪರ್ ಪ್ಲೇಟು, ಪೇಪರ್ ಲೋಟಗಳಿಗೂ ಇದೇ ಪರೀಕ್ಷೆ ಸಾಕು.

ಅಡಿಕೆ ಹಾಳೆ ತಟ್ಟೆ

ತೋಟದಲ್ಲಿ ತಾನಾಗಿ ಉದುರಿದ ಹಾಳೆಯನ್ನು ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿ ತೆಗೆದರೆ ತಟ್ಟೆ ಸಿದ್ಧ. ಅಂಟು ಬೇಕಿಲ್ಲ, ಲೇಪ ಬೇಕಿಲ್ಲ. ಶಿವಮೊಗ್ಗ, ದಕ್ಷಿಣ ಕನ್ನಡ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆ ಇದೊಂದು ಉಪಕಸುಬು. ಬಿಸಿ ಹುಳಿ, ತುಪ್ಪ, ಪಾಯಸ ಯಾವುದಕ್ಕೂ ಜಗ್ಗುವುದಿಲ್ಲವಾದ್ದರಿಂದ ಬಫೆಗೆ ಜನ ಇದನ್ನೇ ಮೆಚ್ಚುತ್ತಾರೆ.

ಕೆಡುವುದು ತೇವದಿಂದ. ನೆನೆಸಿದ ನೀರು ಸರಿಯಾಗಿ ಆರದ ಹಾಳೆಯನ್ನು ಒತ್ತಿದರೆ ವಾರದೊಳಗೆ ಸೊಟ್ಟಗಾಗುತ್ತದೆ. ಬಿಗಿಯಾದ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಕಟ್ಟಿದರೆ ಒಳಗೇ ಬೂಷ್ಟು ಹಿಡಿಯುತ್ತದೆ. ಕೊಳ್ಳುವಾಗ ಮೇಲಿನ ತಟ್ಟೆಯನ್ನಷ್ಟೇ ನೋಡಿ ಬರಬೇಡಿ. ಕಟ್ಟಿನ ನಡುವಿನಿಂದ ಒಂದನ್ನು ಎಳೆದು ತೆಗೆದು ಹಿಂಬದಿ ತಿರುಗಿಸಿ. ಕಂದು ಗೆರೆಗಳು ಹಾಳೆಯ ಸಹಜ ನರಗಳು, ಅವುಗಳಿಂದ ತೊಂದರೆಯಿಲ್ಲ. ಪುಡಿಪುಡಿಯಾಗಿ ಕೈಗೆ ಅಂಟುವ ಬಿಳುಪು, ಕಪ್ಪು ಹಸಿರು ಚುಕ್ಕೆ, ಮುಗ್ಗಲು ವಾಸನೆ ಇದ್ದರೆ ಇಡೀ ಕಟ್ಟನ್ನೇ ವಾಪಸ್ ಕೊಡಿ. ಬಿಸಿಲಿಗಿಟ್ಟು ಒರೆಸಿ ಬಳಸುವ ಉಪಾಯ ಬೇಡ, ಬೂಷ್ಟಿನ ಬೇರು ಒಳಗೆ ಇಳಿದಿರುತ್ತದೆ. ಅಂಚಿನ ಮೇಲೆ ಬೆರಳಾಡಿಸಿದಾಗ ಸಿಬಿರು ಚುಚ್ಚಿದರೆ ಅಚ್ಚಿನ ಬ್ಲೇಡು ಮೊಂಡಾಗಿದೆ ಎಂದರ್ಥ. ಹನ್ನೆರಡು ಇಂಚಿನ ತಟ್ಟೆಯಲ್ಲಿ ಅರ್ಧ ಲೀಟರ್ ನೀರು ಹಾಕಿ ಒಂದೇ ಕೈಯಲ್ಲಿ ಅಂಚು ಹಿಡಿದು ಎತ್ತಿ. ಬಾಗಿದರೆ ಅದು ಬಫೆಗೆ ಆಗದ ತೆಳು ಮಾಲು.

ಈಚೆಗೆ ಕೇಳಿಬರುವ ಇನ್ನೊಂದು ಪ್ರಶ್ನೆ ಆರೋಗ್ಯದ್ದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2025ರಲ್ಲಿ ಹಾಳೆ ತಟ್ಟೆಗಳ ವಿರುದ್ಧ ನಿಲುವು ತಾಳಿತು; ಅಡಿಕೆಯಲ್ಲಿರುವ ಅರೆಕೊಲಿನ್‌ನಂಥ ಆಲ್ಕಲಾಯ್ಡ್‌ಗಳು (ದೇಹದ ಮೇಲೆ ಪರಿಣಾಮ ಬೀರುವ ಸಸ್ಯಜನ್ಯ ರಾಸಾಯನಿಕಗಳು) ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದು ಎಂಬುದು ಅದರ ಆಕ್ಷೇಪ. ರಫ್ತು ಮಾಡುತ್ತಿದ್ದ ಸಣ್ಣ ಘಟಕಗಳಿಗೆ ಇದು ದೊಡ್ಡ ಪೆಟ್ಟು. ವರ್ಷಕ್ಕೆ ನಾಲ್ಕಾರು ಸಮಾರಂಭಗಳಲ್ಲಿ ಅನ್ನ, ಚಪಾತಿ ಉಣ್ಣುವವರು ಇದಕ್ಕೆ ಹೆದರಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ. ಆದರೆ ದಿನವೂ ಪಾರ್ಸೆಲ್ ಕಟ್ಟುವ ಅಂಗಡಿಯವರು ಬಿಸಿಬಿಸಿ ಹುಳಿ, ರಸಂಗಳನ್ನು ಗಂಟೆಗಟ್ಟಲೆ ಹಾಳೆ ಬಟ್ಟಲಲ್ಲಿ ಇಡುವುದನ್ನು ಬಿಡುವುದು ಲೇಸು. ಸಂಶಯ ಉಳಿದರೆ ಮೇಲೆ ಬಾಳೆ ಎಲೆಯ ತುಂಡು ಹಾಸಿ.

ಗೊಬ್ಬರಕ್ಕೆ ಹಾಕುವಾಗ ಇಡಿಯಾಗಿ ಎಸೆದರೆ ತಟ್ಟೆಗಳು ಒಂದರೊಳಗೊಂದು ಕೂತು ತಿಂಗಳುಗಟ್ಟಲೆ ಹಾಗೇ ಇರುತ್ತವೆ. ರಾತ್ರಿ ನೀರಲ್ಲಿ ನೆನೆಸಿ, ಮುರಿದು, ಸಗಣಿ ನೀರು ಚೆಲ್ಲಿ, ಹಸಿ ಕಸದೊಂದಿಗೆ ಪದರ ಪದರವಾಗಿ ಹಾಕಿ. ತೋಟವಿದ್ದವರಿಗೆ ಇಷ್ಟೂ ಬೇಡ, ಗಿಡದ ಬುಡಕ್ಕೆ ಕವುಚಿ ಹಾಕಿದರೆ ಮಳೆಗಾಲ ಮುಗಿಯುವಷ್ಟರಲ್ಲಿ ಕರಗಿರುತ್ತದೆ.

ಕಬ್ಬಿನ ಸಿಪ್ಪೆಯದು

ಸಕ್ಕರೆ ಕಾರ್ಖಾನೆಯ ಸಿಪ್ಪೆಯನ್ನು ತಿರುಳು ಮಾಡಿ ಅಚ್ಚೊತ್ತಿದ ತಟ್ಟೆ. ಅಳತೆ, ದಪ್ಪ ಎಲ್ಲ ಒಂದೇ ತರಹ, ಬೂಷ್ಟಿನ ಕಾಟ ಕಡಿಮೆ, ಖಾನೆಗಳಿರುವವು ಸಲೀಸಾಗಿ ಸಿಗುತ್ತವೆ. ಇದನ್ನು "ಕಸದಿಂದ ರಸ" ಎಂದು ಮಾರುತ್ತಾರೆ, ಆದರೆ ಅದೇ ಸಿಪ್ಪೆಯನ್ನು ಕಾರ್ಖಾನೆಗಳು ಬಾಯ್ಲರಿಗೆ ಹಾಕಿ ವಿದ್ಯುತ್ ತೆಗೆಯುತ್ತವೆ; ಯಾರಿಗೂ ಬೇಡದ ವಸ್ತುವೇನಲ್ಲ. ಅಚ್ಚಬಿಳಿ ತಟ್ಟೆ ಬಿಳುಪು ಮಾಡಿದ್ದು. ತುಸು ಕಂದಾಗಿರುವುದನ್ನು ಕೇಳಿ ತೆಗೆದುಕೊಳ್ಳಿ.

ಕೇಳಬೇಕಾದ ಮುಖ್ಯ ಪ್ರಶ್ನೆ ಎಣ್ಣೆ ತಡೆಯುವ ಲೇಪದ್ದು. ಇಂಥ ತಟ್ಟೆಗಳು ಎಣ್ಣೆ ಹೀರದಿರಲೆಂದು ಪಿಎಫ್‌ಎಎಸ್ ಗುಂಪಿನ ಫ್ಲೋರಿನ್ ರಾಸಾಯನಿಕ ಸೇರಿಸುವುದುಂಟು. ಅವು ಮಣ್ಣಲ್ಲೂ ನೀರಲ್ಲೂ ಕರಗದೆ ಉಳಿಯುತ್ತವೆ. ಗೊಬ್ಬರಕ್ಕೆ ಹಾಕಿದರೆ ಗೊಬ್ಬರದ ಮೂಲಕ ತರಕಾರಿ ಮಡಿಗೇ ಬರುತ್ತವೆ. ಅಮೆರಿಕದಲ್ಲಿ ಆಹಾರದ ಪೊಟ್ಟಣಗಳಿಗೆ ಇವುಗಳ ಮಾರಾಟ ನಿಂತಿದೆ ಎಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2024ರ ಫೆಬ್ರವರಿಯಲ್ಲಿ ಹೇಳಿತು. ಇಲ್ಲಿ ಕೊಳ್ಳುವಾಗ ಪಿಎಫ್‌ಎಎಸ್ ಇಲ್ಲವೆಂಬ ಪ್ರಯೋಗಾಲಯದ ವರದಿ ಕೇಳಿ. ಮನೆಯಲ್ಲೂ ಒಂದು ಸುಳಿವು ಸಿಗುತ್ತದೆ: ತಟ್ಟೆಯ ಮೇಲೆ ಒಂದು ಹನಿ ಎಣ್ಣೆ ಬಿಡಿ. ಅರ್ಧ ಗಂಟೆಯಾದರೂ ಮುತ್ತಿನಂತೆ ನಿಂತಿದ್ದರೆ ಏನೋ ಒಂದು ಎಣ್ಣೆತಡೆ ಸೇರಿಸಿದ್ದಾರೆ. ಯಾವುದು ಎಂಬುದನ್ನು ವರದಿಯೇ ಹೇಳಬೇಕು.

ಪೇಪರ್ ಪ್ಲೇಟಿಗೆ ಹೆಚ್ಚು ಮಾತು ಬೇಡ. ಬೆಳ್ಳಿ ಬಣ್ಣದ್ದು, ಹಸಿರು ಎಲೆ ಅಚ್ಚು ಹಾಕಿದ್ದು ಎಲ್ಲಕ್ಕೂ ಮೇಲೆ ಪ್ಲಾಸ್ಟಿಕ್ ಪೊರೆ ಇರುತ್ತದೆ. ಸಾಂಬಾರು ಅಂಟಿದ ಮೇಲೆ ಒಣ ಕಸದವರು ಕೊಳ್ಳುವುದಿಲ್ಲ, ಪೊರೆಯಿಂದಾಗಿ ಹಸಿ ಕಸಕ್ಕೂ ಆಗದು. ಥರ್ಮಾಕೋಲ್, ಪ್ಲಾಸ್ಟಿಕ್ ತಟ್ಟೆ ಲೋಟಗಳು 2022ರ ಜುಲೈ 1ರಿಂದ ದೇಶದೆಲ್ಲೆಡೆ ನಿಷಿದ್ಧ.

"ಕಾಂಪೋಸ್ಟಬಲ್" ಪ್ಲಾಸ್ಟಿಕ್ ಚಮಚ, ಬಟ್ಟಲು ಕೊಳ್ಳುವವರು ತಿಳಿದಿರಬೇಕಾದದ್ದು ಒಂದೇ. ಪಿಎಲ್‌ಎಯಂಥ (ಸಸ್ಯದ ಪಿಷ್ಟ, ಸಕ್ಕರೆಯಿಂದ ಮಾಡುವ ಪ್ಲಾಸ್ಟಿಕ್) ವಸ್ತು ಕರಗಲು ಸುಮಾರು 58 ಡಿಗ್ರಿ ಬಿಸಿ ವಾರಗಟ್ಟಲೆ ಬೇಕು, ಅಂದರೆ ದೊಡ್ಡ ಗೊಬ್ಬರ ಘಟಕ. ಮನೆಯ ಗೊಬ್ಬರದ ಮಡಕೆಯಲ್ಲಿ ಆ ಬಿಸಿ ನಿಲ್ಲುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ಸಂಖ್ಯೆ ಪೊಟ್ಟಣದ ಮೇಲಿಲ್ಲದಿದ್ದರೆ ಮುಟ್ಟಬೇಡಿ. "ಇಕೋ ಫ್ರೆಂಡ್ಲಿ", "ನೈಸರ್ಗಿಕ" ಎಂಬ ಬರೀ ಮಾತುಗಳಿಗೆ ಪುರಾವೆ, ವಿವರಣೆ ಬೇಕೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ತಂದಿದೆ. ಆದ್ದರಿಂದ ಅಂಗಡಿಯವನನ್ನು "ಯಾವ ಸ್ಥಿತಿಯಲ್ಲಿ, ಎಷ್ಟು ದಿನದಲ್ಲಿ ಕರಗುತ್ತದೆ?" ಎಂದು ಕೇಳಲು ಸಂಕೋಚ ಬೇಡ. 1991ರಲ್ಲಿ ಶುರುವಾದ, ಮಣ್ಣಿನ ಮಡಕೆ ಚಿಹ್ನೆಯ ಇಕೋಮಾರ್ಕ್ ಎಂಬ ಕೇಂದ್ರ ಸರ್ಕಾರದ ಪರಿಸರಸ್ನೇಹಿ ಮುದ್ರೆ ತಟ್ಟೆಗಳ ಪೊಟ್ಟಣದ ಮೇಲೆ ಕಾಣುವುದು ಅಪರೂಪ. ಅದಿಲ್ಲ ಎಂದ ಮಾತ್ರಕ್ಕೆ ಮಾಲು ಕೆಟ್ಟದ್ದಲ್ಲ.

ಸ್ಟೀಲ್ ತಟ್ಟೆ: ಬಾಡಿಗೆಯ ಲೆಕ್ಕ

"ಪಾತ್ರೆ ತೊಳೆಯುವವರು ಯಾರು?" ಈ ಒಂದು ಮಾತಿಗೆ ಸ್ಟೀಲ್ ತಟ್ಟೆ ಪಟ್ಟಿಯಿಂದ ಬಿದ್ದುಹೋಗುತ್ತದೆ. ಲೆಕ್ಕ ಹಾಕಿ ನೋಡಿದವರು ಕಡಿಮೆ.

ನೂರು ಜನ ಕೂರುವ ಊಟದ ಹಾಲ್, 300 ಅತಿಥಿಗಳು, ಮೂರು ಪಂಕ್ತಿ ಎಂದಿಟ್ಟುಕೊಳ್ಳಿ. ಬೇಕಾದದ್ದು 300 ತಟ್ಟೆಯಲ್ಲ, 160. ನೂರು ಬಳಕೆಯಲ್ಲಿದ್ದಾಗ ಅರವತ್ತು ಕೈಯಲ್ಲಿರುತ್ತವೆ, ಪಂಕ್ತಿಯ ನಡುವಿನ ಕಾಲು ಗಂಟೆಯಲ್ಲಿ ಮೂವರು ಸೇರಿ ಉಳಿದ ನಲವತ್ತನ್ನು ತೊಳೆದುಕೊಡಬಲ್ಲರು. ಲೆಕ್ಕದ ಸಲುವಾಗಿ ತಟ್ಟೆಗೆ ₹3, ಬಟ್ಟಲಿಗೆ ₹1 ಬಾಡಿಗೆ, ತೊಳೆಯುವ ಮೂವರಿಗೆ ತಲಾ ₹800, ನೀರು ಸೋಪಿಗೆ ₹300 ಹಿಡಿದರೆ ₹3,340. ಹಾಳೆ ತಟ್ಟೆ ₹6, ಎರಡು ದೊನ್ನೆ ₹4 ಎಂದು ಹಿಡಿದು 330 ಜೊತೆ ತಂದರೆ ₹3,300. ಹೆಚ್ಚುಕಡಿಮೆ ಸರಿಸಮ. ಐನೂರು ಜನರಾದರೆ ಹಾಳೆಯ ಖರ್ಚು ₹5,500ಕ್ಕೆ ಏರುತ್ತದೆ, ಸ್ಟೀಲಿನದು ಕೂಲಿ ತಲಾ ₹1,000, ನೀರು ಸೋಪಿಗೆ ₹500 ಮಾಡಿದರೂ ₹4,140 ದಾಟದು. ನೂರೇ ಜನರಿಗೆ ಲೆಕ್ಕ ಉಲ್ಟಾ: ಹಾಳೆ ₹1,100ರಲ್ಲಿ ಮುಗಿದರೆ, ಸ್ಟೀಲಿಗೆ ಇಬ್ಬರ ಕೂಲಿಯೇ ₹1,600. ನಿಮ್ಮ ಊರಿನ ದರ ಹಾಕಿ ಇದನ್ನೇ ಮತ್ತೆ ಮಾಡಿ. ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟ ಎರವಲು ಕೊಡುವ, ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆಯ ಪ್ಲೇಟ್ ಬ್ಯಾಂಕಿನಂಥ ವ್ಯವಸ್ಥೆ ಹತ್ತಿರವಿದ್ದರೆ ಬಾಡಿಗೆಯ ಭಾಗ ಇನ್ನೂ ಇಳಿಯುತ್ತದೆ.

ನೀರು ಎಷ್ಟಾಗುತ್ತದೆ ಎಂಬುದು ತೊಳೆಯುವ ಕ್ರಮದ ಮೇಲಿದೆ. ಓಡುವ ನಲ್ಲಿಯಡಿ ಒಂದು ತಟ್ಟೆಗೆ ಅರ್ಧ ನಿಮಿಷ ಎಂದರೂ ಮೂರು ನಾಲ್ಕು ಲೀಟರ್ ಹೋಗುತ್ತದೆ. ಬದಲಿಗೆ 40 ಲೀಟರಿನ ಮೂರು ಟಬ್ ಇಡಿ. ಮೊದಲು ಉಳಿಕೆಯನ್ನು ಬಕೆಟ್ಟಿಗೆ ಕೆರೆದು ಹಾಕಬೇಕು, ಇದನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ಆಮೇಲೆ ಸೋಪಿನ ಟಬ್, ಜಾಲಿಸುವ ಟಬ್, ಕೊನೆಗೆ ಬಿಸಿನೀರಿನ ಟಬ್. ಸೋಪಿನದನ್ನೂ ಬಿಸಿನೀರಿನದನ್ನೂ ನೂರು ತಟ್ಟೆಗೊಮ್ಮೆ, ನಡುವಿನದನ್ನು ಐವತ್ತಕ್ಕೊಮ್ಮೆ ಬದಲಿಸಿದರೆ ತಟ್ಟೆಗೆ 1.6 ಲೀಟರ್ ಬೀಳುತ್ತದೆ. ಬಿಸಿನೀರಲ್ಲಿ ಅದ್ದಿದ ತಟ್ಟೆಯನ್ನು ಬಟ್ಟೆಯಿಂದ ಒರೆಸದೆ ಓರೆಯಾಗಿ ನಿಲ್ಲಿಸಿದರೆ ತಾನೇ ಆರುತ್ತದೆ. ಒಂದೇ ಬಟ್ಟೆಯಲ್ಲಿ ನೂರು ತಟ್ಟೆ ಒರೆಸುವುದೇ ಕೊಳಕು. ನೀರಿಗೆ ಟ್ಯಾಂಕರ್ ಕಾಯುವ ಬಡಾವಣೆಯಲ್ಲಿ ಮಾರ್ಚ್ ಏಪ್ರಿಲ್‌ನಲ್ಲಿ ಕಾರ್ಯಕ್ರಮವಿದ್ದರೆ ಬಾಳೆ ಎಲೆಗೇ ಹೋಗಿ.

ಬಾಡಿಗೆ ತರುವಾಗಲೂ ಕೊಡುವಾಗಲೂ ಎಣಿಸಿ ಬರೆಸಿ. ಕಳೆದುಹೋಗುವುದು ತಟ್ಟೆಯಲ್ಲ, ಚಮಚ. ಎಂಜಲೆಲೆಯ ಜೊತೆ ಬುಟ್ಟಿಗೆ ಸೇರುತ್ತದೆ.

ನೀರು, ಲೋಟ

ತಟ್ಟೆಯ ಬಗ್ಗೆ ಇಷ್ಟೆಲ್ಲ ತಲೆಕೆಡಿಸಿಕೊಂಡು ಪ್ರತಿ ಎಲೆಯ ಪಕ್ಕ 250 ಮಿ.ಲೀ. ಬಾಟಲಿ ಇಡಿಸುವವರಿದ್ದಾರೆ. 300 ಜನಕ್ಕೆ ತಲಾ ಎರಡೆಂದರೆ 600 ಬಾಟಲಿ, ಅರ್ಧ ಕುಡಿದು ಬಿಟ್ಟವೇ ಹೆಚ್ಚು. ತಲಾ ಅರ್ಧ ಲೀಟರ್ ಲೆಕ್ಕದಲ್ಲಿ 150 ಲೀಟರ್ ನೀರು, ಅಂದರೆ 20 ಲೀಟರಿನ ಎಂಟು ಕ್ಯಾನ್ ಸಾಕು, ಬೇಸಿಗೆಯಾದರೆ ಹತ್ತು. ಬಡಿಸುವವರ ಕೈಗೆ ಜಗ್, ಎಲೆಯ ಪಕ್ಕ ಸ್ಟೀಲ್ ಲೋಟ. ಊಟಕ್ಕೆ ಸ್ಟೀಲ್ ಬೇಡವೆಂದವರೂ ಲೋಟಕ್ಕೆ ಒಪ್ಪಬಹುದು, ಜಿಡ್ಡಿಲ್ಲದ ಲೋಟ ತೊಳೆಯುವುದು ಸುಲಭ.

ಕಾಫಿಗೆ ಪೇಪರ್ ಲೋಟ ಬೇಡ. ಖರಗ್‌ಪುರದ ಐಐಟಿಯ ಸಂಶೋಧಕರು 2020ರಲ್ಲಿ ಪ್ರಕಟಿಸಿದಂತೆ, ಇಂಥ ಲೋಟದಲ್ಲಿ 100 ಮಿ.ಲೀ. ಬಿಸಿ ದ್ರವ 15 ನಿಮಿಷ ನಿಂತರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರಲ್ಲಿ ಸೇರುತ್ತವೆ. ಮಣ್ಣಿನ ಲೋಟ ಚೆಂದ, ಆದರೆ ಸುಟ್ಟ ಮಣ್ಣು ಮರಳಿ ಹೊಲದ ಮಣ್ಣಾಗುವುದಿಲ್ಲ, ಸುಡಲು ಉರುವಲೂ ಹೋಗಿರುತ್ತದೆ. ಒಮ್ಮೆ ಕುಡಿದು ಎಸೆಯಲು ಅದನ್ನು ತರಬೇಡಿ. ಅತಿಥಿಗಳು ಮನೆಗೆ ಒಯ್ಯುವುದಾದರೆ ಸರಿ.

ಕೇಟರರ್‌ಗೆ ಏನು ಹೇಳಬೇಕು

"ಪ್ಲಾಸ್ಟಿಕ್ ಬೇಡ" ಎಂದಷ್ಟೇ ಹೇಳಿದರೆ ಪೇಪರ್ ಪ್ಲೇಟು ಬಂದು ಕೂತಿರುತ್ತದೆ. ಏನು ಬೇಕೆಂದು ಹೆಸರು ಹಿಡಿದು ಬರೆಸಿ: ಇಂತಿಷ್ಟು ಕುಡಿ ಎಲೆ, ಸ್ಟೀಲ್ ಲೋಟ, ಹಾಳೆ ದೊನ್ನೆ, ಮೇಜಿಗೆ ಹಾಸು ಇಲ್ಲ, ಬಾಟಲಿ ಇಲ್ಲ. ಪ್ಲೇಟಿನ ಊಟ ಎಂದು ತಲೆಗೆ ಇಷ್ಟು ಹೇಳುವವರ ದರದಲ್ಲಿ ತಟ್ಟೆ, ಬಾಟಲಿಯ ಹಣವೂ ಸೇರಿರುತ್ತದೆ. ಅವು ಬೇಡವೆಂದರೆ ಎಷ್ಟು ಇಳಿಸುತ್ತಾರೆ ಎಂದು ಕೇಳಿ, ಆ ಹಣ ತೊಳೆಯುವವರ ಕೂಲಿಗೆ ಆಗುತ್ತದೆ. ಕೈ ತೊಳೆಯುವ ಜಾಗದಲ್ಲಿ ಎರಡು ಬುಟ್ಟಿ ಇಡಿಸಿ, ಒಂದಕ್ಕೆ ಎಲೆ ದೊನ್ನೆ, ಇನ್ನೊಂದಕ್ಕೆ ಕಾಗದ ಕರವಸ್ತ್ರ, ಬೀಡಾ ಕಡ್ಡಿ. ಬೋರ್ಡ್ ಹಾಕಿದರೆ ಸಾಲದು, ಊಟ ಮುಗಿಯುವವರೆಗೆ ಒಬ್ಬರು ಅಲ್ಲೇ ನಿಂತಿರಬೇಕು. ಮಿಕ್ಕ ಹಾಳೆ ತಟ್ಟೆಗಳನ್ನು ಪ್ಲಾಸ್ಟಿಕ್ ಪೊಟ್ಟಣದಿಂದ ಹೊರತೆಗೆದು, ಒಂದು ದಿನ ಬಿಸಿಲು ಕಾಣಿಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟರೆ ಮುಂದಿನ ಹಬ್ಬಕ್ಕೆ ಬಳಸಬಹುದು. ಮಳೆಗಾಲದಲ್ಲಿ ಮಾತ್ರ ತಿಂಗಳಿಗೊಮ್ಮೆ ತೆಗೆದು ನೋಡುತ್ತಿರಬೇಕು.